ಬೋಳು ಬೋಲ್ಟಿನ ಸುತ್ತ

ಬೋಲ್ಟಿನ ತಲೆಗೆ ಆರು ಮೂಲೆ. ಆ ಆರೂ ನೆಟ್ಟಗಿರುವ ತನಕ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮೂಲೆ ಸವೆದು ತಲೆ ಗುಂಡಗಾಯಿತು ಅನ್ನಿ, ಇಡೀ ಓಣಿಯೇ ಬಂದು ಸುತ್ತ ನಿಲ್ಲುತ್ತದೆ.

ನಮ್ಮದು ಹಳೇ ಸ್ಪ್ಲೆಂಡರ್. ಸಾಗರದ ಮಳೆ, ಕೆಸರು, ತೋಟದ ದಾರಿ ಎಲ್ಲವನ್ನೂ ಅರಗಿಸಿಕೊಂಡ ಗಾಡಿ. ಅದರ ಎಂಜಿನ್ ಆಯಿಲ್ ಬದಲಿಸುವುದು ಏನೂ ಕಷ್ಟವಲ್ಲ. ಎಂಜಿನ್ನಿನ ಹೊಟ್ಟೆಯ ಕೆಳಗೆ ಒಂದೇ ಒಂದು ಬೋಲ್ಟು. 17 ನಂಬರ್ ಸ್ಪ್ಯಾನರ್ ಹಾಕಿ ಬಿಚ್ಚು, ಹಳೇ ಆಯಿಲ್ ಇಳಿಸು, ಬೋಲ್ಟು ಹಾಕು, ಹೊಸ ಆಯಿಲ್ ಸುರಿ. ಮೊಬೈಲಿನ ವಿಡಿಯೋಗಳಲ್ಲಿ ಇಷ್ಟೇ ತೋರಿಸುತ್ತಾರೆ. ಆ ವಿಡಿಯೋದವರು ಬೋಲ್ಟನ್ನು ಮೊದಲೇ ಸಡಿಲ ಮಾಡಿಟ್ಟಿರುತ್ತಾರೆ ಅಂತ ನನ್ನ ಗುಮಾನಿ.

ನಮ್ಮ ಬೋಲ್ಟು ಅಲ್ಲಾಡಲಿಲ್ಲ. ಹೋದ ಸಲ ಆಯಿಲ್ ಬದಲಿಸಿದ ಗ್ಯಾರೇಜಿನವರು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು ಬಿಗಿದಿರಬೇಕು. ಆಯಿಲ್ ಸೋರಿಬಿಟ್ಟರೆ ಅಂತ ಭಯ. ನಿಜಕ್ಕೂ ಸೋರದ ಹಾಗೆ ತಡೆಯುವುದು ಬೋಲ್ಟಿನ ಕೊರಳಲ್ಲಿರುವ ತೆಳ್ಳನೆಯ ವಾಷರ್. ಅದನ್ನು ಬದಲಿಸಲು ನಾಲ್ಕು ಕಾಸು ಬಿಚ್ಚುವುದಿಲ್ಲ, ತೋಳಿನ ಬಲ ಮಾತ್ರ ಧಾರಾಳ. ಬೋಲ್ಟು ಕೆಡುವುದು ಬಿಚ್ಚುವಾಗ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ, ಅದು ಕೆಡುವುದು ಹಿಂದಿನ ಸಲ ಬಿಗಿಯುವಾಗಲೇ. ಬೈಗುಳ ತಿನ್ನುವವನು ಮಾತ್ರ ಬಿಚ್ಚುವವನು.

ಅಷ್ಟರಲ್ಲಿ ಭಾವ ಬಂದರು. ಕೈಯಲ್ಲಿ ಸ್ಕ್ರೂ ಸ್ಪ್ಯಾನರ್.

"ಭಾವ, ಬೇಡ. ರಿಂಗ್ ಸ್ಪ್ಯಾನರ್ ತರ್ತೀನಿ, ತಡೀರಿ."

"ಇದೊಂದಿದ್ರೆ ಎಲ್ಲಾ ಸೈಜಿಗೂ ಆಗ್ತದೆ ಮಾರಾಯ."

ಎಲ್ಲಾ ಸೈಜಿಗೂ ಆಗುತ್ತದೆ ನಿಜ. ಆದರೆ ಯಾವ ಸೈಜಿಗೂ ಸರಿಯಾಗಿ ಕೂರುವುದಿಲ್ಲ. ಜೋರು ಹಾಕಿದಷ್ಟೂ ಅದರ ದವಡೆ ಚೂರು ಚೂರು ಅಗಲವಾಗುತ್ತದೆ. ಕರ್ರ್ ಅಂತ ಸದ್ದು ಬಂತು. ಬೋಲ್ಟು ತಿರುಗಿತು ಎಂದು ಭಾವ ಬೀಗಿದರು. ತಿರುಗಿದ್ದು ಸ್ಪ್ಯಾನರ್ ಮಾತ್ರ. ಸಾಲದ್ದಕ್ಕೆ ಅವರು ಮೇಲಿನಿಂದ ಬಗ್ಗಿ ನೋಡುತ್ತಾ ತಿರುಗಿಸುತ್ತಿದ್ದರು. ಆ ಬೋಲ್ಟಿನ ಮುಖ ನೆಲದ ಕಡೆಗಿದೆ. ಮೇಲಿನಿಂದ ನೋಡುವವರಿಗೆ ಎಡಬಲ ಅದಲು ಬದಲು. ಅಂದರೆ ಇಷ್ಟು ಹೊತ್ತು ಬೆವರು ಸುರಿಸಿ ಭಾವ ಬೋಲ್ಟನ್ನು ಇನ್ನೂ ಬಿಗಿ ಮಾಡುತ್ತಿದ್ದರು.

ಪಕ್ಕದ ಮನೆಯ ಹುಡುಗ ಕಟಿಂಗ್ ಪ್ಲೇಯರ್ ತಂದ. ಉಳಿದಿದ್ದ ಮೂಲೆಗಳಿಗೂ ಮೋಕ್ಷ ಸಿಕ್ಕಿತು.

ಆಮೇಲೆ ಎಣ್ಣೆಯ ಸರದಿ. ಒಬ್ಬರು ಸೀಮೆಎಣ್ಣೆ ಅಂದರು. ಇನ್ನೊಬ್ಬರು ಡಬ್ಲ್ಯೂಡಿ-40 ಡಬ್ಬಿಯನ್ನೇ ಹಿಡಿದು ಬಂದರು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ನೀರು ಓಡಿಸುವ ರಸಾಯನ ಹುಡುಕುತ್ತಿದ್ದವರಿಗೆ 40ನೇ ಪ್ರಯತ್ನದಲ್ಲಿ ಅದು ಕೈಗೂಡಿತಂತೆ, ಹೆಸರಿನಲ್ಲಿರುವ 40 ಅದೇ. 39 ಸಲ ಸೋತು ಮತ್ತೆ ಕೂರುವ ತಾಳ್ಮೆ ನಮ್ಮ ಓಣಿಗೆಲ್ಲಿ ಬರಬೇಕು? ಪುಸ್ ಪುಸ್ ಅಂತ ಅರ್ಧ ಡಬ್ಬಿ ಹೊಡೆದರು. ತುಕ್ಕು ಹಿಡಿದ ಬೋಲ್ಟಿಗೆ ಅದು ಒಳ್ಳೆಯ ಔಷಧವೇ. ಆದರೆ ಇದು ವರ್ಷವಿಡೀ ಒಳಗಿನಿಂದ ಆಯಿಲ್‌ನಲ್ಲೇ ಮುಳುಗಿರುವ ಬೋಲ್ಟು. ಇದಕ್ಕೆ ಹೊರಗಿನಿಂದ ಅಭ್ಯಂಜನ!

ರಿಟೈರ್ಡ್ ಮೇಷ್ಟ್ರು ಒಬ್ಬರು ಕಾಂಪೌಂಡಿನ ಆಚೆಯಿಂದಲೇ ಸರಿಯಾದ ಮಾತು ಹೇಳಿದರು. ಎಂಜಿನ್ನಿನ ಮೈ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಬಿಸಿಯಾದಾಗ ಉಕ್ಕು ಹಿಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು ಅಲ್ಯೂಮಿನಿಯಂ ಹಿಗ್ಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಗಾಡಿ ಸ್ಟಾರ್ಟ್ ಮಾಡಿಟ್ಟರೆ ಬೋಲ್ಟಿನ ಹಿಡಿತ ತಾನೇ ಸಡಿಲವಾಗುತ್ತದೆ, ಆಯಿಲೂ ತೆಳುವಾಗಿ ಪೂರ್ತಿ ಇಳಿಯುತ್ತದೆ. ಎಷ್ಟು ಸರಳ, ಅಲ್ವಾ? ಆದರೆ ಮೇಷ್ಟ್ರ ಪಾಠದಲ್ಲಿ ಭಾವನ ಕಿವಿಗೆ ಬಿದ್ದದ್ದು ಬಿಸಿ ಎನ್ನುವುದೊಂದೇ. "ಗ್ಯಾಸಿನ ಬೆಂಕಿ ಹಿಡಿದ್ರೆ ಹೆಂಗೆ?" ಅಂದರು. ಅದರ ನೆತ್ತಿಯ ಮೇಲೇ ಪೆಟ್ರೋಲ್ ಟ್ಯಾಂಕಿದೆ. ಅಕ್ಕ ಅಡುಗೆಮನೆಯಿಂದಲೇ "ಸಿಲಿಂಡರ್ ಮುಟ್ಟಿದ್ರೆ ನೋಡಿ ಮತ್ತೆ!" ಅಂತ ಕೂಗಿದಳು. ವಿಜ್ಞಾನ ಅಲ್ಲಿಗೇ ನಿಂತಿತು.

ಕೊನೆಗೆ ಹಿಂದಿನ ಬೀದಿಯ ಮೆಕ್ಯಾನಿಕ್ ಬಂದ. ಕೆಳಗೆ ಮಲಗಿ ನೋಡಿದ. "ಮೂಲೆ ಇದ್ದಾಗ್ಲೇ ಕರೆದಿದ್ರೆ ಆರು ಮೂಲೆ ಸಾಕೆಟ್ ಹಾಕಿ ಬಿಚ್ತಿದ್ದೆ ಸಾರ್," ಅಂದ. ಮನೆಯಲ್ಲಿರುವ ರಿಂಗ್ ಸ್ಪ್ಯಾನರಿಗೆ ಸಾಮಾನ್ಯವಾಗಿ ಹನ್ನೆರಡು ಹಲ್ಲು, ಅದು ಮೂಲೆಯ ಹತ್ತಿರವೇ ಕಚ್ಚುತ್ತದೆ. ಆರು ಮೂಲೆಯದು ಬೋಲ್ಟಿನ ಮೈಯನ್ನೇ ತಬ್ಬಿ ಹಿಡಿಯುತ್ತದೆ. ಇಲ್ಲಿ ತಬ್ಬಲು ಏನೂ ಉಳಿದಿರಲಿಲ್ಲ. ಅವನು ಚಿಕ್ಕ ಉಳಿ ತೆಗೆದ. ಬೋಲ್ಟಿನ ಅಂಚಿನಲ್ಲಿ ನೇರವಾಗಿ ಹೊಡೆದು ಒಂದು ಗಾಯ ಮಾಡಿದ. ಅದರಲ್ಲಿ ಉಳಿಯನ್ನು ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ಟಕ್ ಟಕ್ ಅಂತ ತಟ್ಟತೊಡಗಿದ.

"ಇದಕ್ಕೂ ಬರ್ಲಿಲ್ಲ ಅಂದ್ರೆ?" ಎಂದು ಕೇಳಿದೆ.

"ತಲೆ ಮೇಲೆ ನಟ್ ವೆಲ್ಡ್ ಮಾಡೋದು. ಅದಕ್ಕೂ ಬರ್ಲಿಲ್ಲ ಅಂದ್ರೆ ಡ್ರಿಲ್ಲು."

ಅದಕ್ಕೂ ಬರಲಿಲ್ಲ ಅಂದರೆ ಏನು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಸದ್ದು ಬದಲಾಯಿತು. ಬೋಲ್ಟು ಕೂದಲೆಳೆಯಷ್ಟು ಸರಿಯಿತು, ಮತ್ತೆ ಸರಿಯಿತು, ಆಮೇಲೆ ಬೆರಳಿಗೇ ಬಂತು. ಇಷ್ಟೆಲ್ಲ ಜನ ಸೇರಿದ್ದರೂ ಕೆಳಗೊಂದು ಪಾತ್ರೆ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕರೀ ಆಯಿಲ್‌ನ ಮೊದಲ ಧಾರೆ ಬಗ್ಗಿ ನಿಂತಿದ್ದ ಭಾವನ ಪಂಚೆಗೆ ಹೋಯಿತು. ಉಳಿದದ್ದು ಕೈಗೆ ಸಿಕ್ಕಿದ ಬೋಗುಣಿಗೆ. ಅದು ಹಿಟ್ಟು ಕಲಸುವ ಬೋಗುಣಿ. ಆ ಕೇಸು ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ಹಳೇ ಆಯಿಲ್ ಕಂಡದ್ದೇ ತಡ, ಸಲಹೆಗಾರರೆಲ್ಲ ಚುರುಕಾದರು. ಮೇಷ್ಟ್ರು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಬೇಕು ಅಂತ ಬಾಟಲಿ ತಂದರು. ಡಬ್ಬಿಯವರಿಗೆ ಗೇಟಿನ ಕೀಲಿಗೆ ಬೇಕಿತ್ತು. ಕಟಿಂಗ್ ಪ್ಲೇಯರ್ ಹುಡುಗ ಸೈಕಲ್ ಚೈನು ಅಂದ. ಮೆಕ್ಯಾನಿಕ್ ಮಾತ್ರ ಕೈ ಒರೆಸಿಕೊಂಡು ನೂರು ರೂಪಾಯಿ ಕೇಳಿದ.

"ಒಂದು ಬೋಲ್ಟು ಬಿಚ್ಚೋದಕ್ಕೆ ನೂರು ರೂಪಾಯಾ?" ಎಂದರು ಎಲ್ಲರೂ, ಒಟ್ಟಿಗೇ.