ರೆಕಾರ್ಡ್‌ನಲ್ಲಿ 0.5, ಪರದೆ ಮೇಲೆ 1,98,030

ಸೈನ್ 30 ಡಿಗ್ರಿ ಎಷ್ಟು? ಪಿಯುಸಿ ಸೈನ್ಸ್ ಓದಿದ ಯಾವ ಮಗುವನ್ನು ಕೇಳಿದರೂ ಅರ್ಧ ಅಂತ ತಟ್ಟನೆ ಹೇಳುತ್ತದೆ. ಹೋದ ತಿಂಗಳು ನಮ್ಮ ಫಸ್ಟ್ ಇಯರ್ ಇಂಜಿನಿಯರಿಂಗ್‌ನ ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಒಬ್ಬ ಹುಡುಗನ ಕಂಪ್ಯೂಟರ್ 1,98,030 ಅಂತ ತೋರಿಸುತ್ತಿತ್ತು. ಪಕ್ಕದಲ್ಲಿದ್ದ ರೆಕಾರ್ಡ್ ಪುಸ್ತಕದಲ್ಲಿ ಮಾತ್ರ, ಸ್ಕೇಲ್ ಇಟ್ಟು ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ಔಟ್‌ಪುಟ್ 0.5 ಅಂತ ಬರೆದಾಗಿತ್ತು.

"ಈ 0.5 ಎಲ್ಲಿಂದ ಬಂತಪ್ಪಾ?"

"ಸೀನಿಯರ್ ರೆಕಾರ್ಡ್‌ನಾಗ ಹಂಗ ಐತ್ರಿ ಮ್ಯಾಮ್."

"ಮತ್ತೆ ಇಲ್ಲಿ ಕಾಣ್ತಿರೋದು?"

ಅವನು ಮಾತಾಡಲಿಲ್ಲ. ಮೌಸ್ ಹಿಡಿದು ಆ ವಿಂಡೋನೇ ಮುಚ್ಚಿಬಿಟ್ಟ.

ಆ ಮುಚ್ಚಿದ ಕೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹದಿನಾಲ್ಕು ವರ್ಷದಿಂದ ಇಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಆ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ತಪ್ಪು ಉತ್ತರ ಕಂಡರೆ ಮಾರ್ಕ್ಸ್ ಹೋಗುತ್ತೆ ಅಂತ ಅವನಿಗೆ ಯಾರೋ ಕಲಿಸಿದ್ದಾರೆ. ಆ ಯಾರೋ ಅನ್ನೋರಲ್ಲಿ ನಾನೂ ಇದ್ದೇನೆ. ಎಷ್ಟು ವರ್ಷ ನಾನೂ ಕೆಂಪು ಪೆನ್ನು ಹಿಡಿದು ರೆಕಾರ್ಡ್‌ನ ಔಟ್‌ಪುಟ್ ಸರಿ ಇದೆಯಾ ಅಂತ ಮಾತ್ರ ನೋಡಿ ಸಹಿ ಹಾಕಿದ್ದೇನೆ.

ಅವತ್ತು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಆ ಪ್ರೋಗ್ರಾಮ್ ಟೇಲರ್ ಸರಣಿ ಬಳಸಿ ಸೈನ್ ಬೆಲೆ ಕಂಡುಹಿಡಿಯಬೇಕು. ಮೊದಲು ಎಕ್ಸ್, ಅದರಿಂದ ಎಕ್ಸ್‌ನ ಘನವನ್ನು 6ರಿಂದ ಭಾಗಿಸಿದ್ದನ್ನು ಕಳೆಯಬೇಕು, ಆಮೇಲೆ ಎಕ್ಸ್‌ನ ಐದನೇ ಘಾತವನ್ನು 120ರಿಂದ ಭಾಗಿಸಿದ್ದನ್ನು ಕೂಡಿಸಬೇಕು, ಹೀಗೇ ಮುಂದಕ್ಕೆ. ಎಕ್ಸ್ ಜಾಗದಲ್ಲಿ 30 ಹಾಕಿ ನೋಡಿ. 30ರಲ್ಲಿ 4,500 ಕಳೆದು 2,02,500 ಕೂಡಿಸಿದರೆ ಮೂರೇ ಹೆಜ್ಜೆಗೆ 1,98,030. ಕಂಪ್ಯೂಟರ್ ಒಂದಿಷ್ಟೂ ತಪ್ಪು ಮಾಡಿಲ್ಲ! ಆ ಸರಣಿಗೆ ಕೋನವನ್ನು ರೇಡಿಯನ್ ಅನ್ನೋ ಇನ್ನೊಂದು ಅಳತೆಯಲ್ಲಿ ಕೊಡಬೇಕು, 180 ಡಿಗ್ರಿ ಅಂದರೆ ಸುಮಾರು 3.142 ರೇಡಿಯನ್. ಹುಡುಗ ಡಿಗ್ರಿಯಲ್ಲೇ ಕೊಟ್ಟಿದ್ದ.

ಇದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ. ಅದೇ ವಾರ ಅದೇ ಹುಡುಗ ಮ್ಯಾಥ್ಸ್ ಕ್ಲಾಸಿನಲ್ಲಿ ಅದೇ ಸರಣಿಯನ್ನು ಕಲಿತಿದ್ದ. ನೋಟ್ಸ್ ತೆಗೆದು ತೋರಿಸಿದ, ಚೆಂದವಾಗಿ ಬರೆದುಕೊಂಡಿದ್ದ. ಆದರೆ ಮ್ಯಾಥ್ಸ್ ನೋಟ್‌ಬುಕ್‌ನ ಸೈನ್ ಬೇರೆ, ಸಿ ಲ್ಯಾಬಿನ ಸೈನ್ ಬೇರೆ ಅಂತ ಅವನ ತಲೆಯಲ್ಲಿ ಕೂತಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಯಾರೂ ತೋರಿಸಿರಲಿಲ್ಲ.

ಅಡ್ಮಿಷನ್ ಸಮಯದಲ್ಲಿ ಅಪ್ಪ ಅಮ್ಮಂದಿರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. "ಮೇಡಂ, ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿದ್ದೀವಿ, ಮತ್ತೆ ಫಿಸಿಕ್ಸು, ಕೆಮಿಸ್ಟ್ರಿ ಯಾಕೆ? ಸಾಫ್ಟ್‌ವೇರ್ ಯಾವಾಗ ಶುರು ಮಾಡ್ತೀರಿ?" ಕೇಳುವುದರಲ್ಲಿ ತಪ್ಪಿಲ್ಲ, ಸಾಲ ಮಾಡಿ ಫೀಸ್ ಕಟ್ಟಿರುತ್ತಾರೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಮೊದಲ ವರ್ಷ ಅಂದರೆ ಎರಡು ಸೈಕಲ್. ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್, ಇನ್ನೊಂದು ಕೆಮಿಸ್ಟ್ರಿ ಸೈಕಲ್. ಅರ್ಧ ಸೆಕ್ಷನ್‌ಗಳು ಒಂದರಿಂದ ಶುರು ಮಾಡಿದರೆ ಉಳಿದವರು ಇನ್ನೊಂದರಿಂದ. ಮ್ಯಾಥ್ಸ್ ಎರಡೂ ಸೆಮಿಸ್ಟರ್‌ನಲ್ಲಿ ಇರುತ್ತೆ. ಇವುಗಳ ಜೊತೆ ಸಿ ಪ್ರೋಗ್ರಾಮಿಂಗ್, ಬೇರೆ ಬ್ರಾಂಚಿನ ಒಂದೆರಡು ಪರಿಚಯದ ವಿಷಯ, ಇಂಗ್ಲಿಷ್, ಸಂವಿಧಾನ, ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ. 2022ರ ಸ್ಕೀಮ್, ಅಂದರೆ ಹೊಸ ಪಠ್ಯಕ್ರಮ, ಬಂದಾಗ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರನ್ನೂ ಬ್ರಾಂಚಿಗೆ ತಕ್ಕ ಹಾಗೆ ಬೇರೆ ಬೇರೆ ಮಾಡಿದರು. ಕಂಪ್ಯೂಟರ್‌ನವರ ಫಿಸಿಕ್ಸ್‌ನಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್ ಬಂತು, ಮ್ಯಾಥ್ಸ್‌ನಲ್ಲಿ ಮಾಡ್ಯುಲರ್ ಅರಿತ್‌ಮೆಟಿಕ್ ಬಂತು. ಇದು ನಿಜಕ್ಕೂ ಒಳ್ಳೆಯ ಕೆಲಸ ಅಂತ ನಾನು ಹೇಳುತ್ತೇನೆ.

ಮಾಡ್ಯುಲರ್ ಅರಿತ್‌ಮೆಟಿಕ್ ಅಂದರೆ ಗಡಿಯಾರದ ಲೆಕ್ಕ. ಈಗ ಹತ್ತು ಗಂಟೆ, ಇನ್ನು ಐದು ಗಂಟೆ ಕಳೆದರೆ ಹದಿನೈದು ಅನ್ನಲ್ಲ, ಮೂರು ಅಂತೀವಿ. ಇಷ್ಟು ಸಣ್ಣ ವಿಷಯದ ಮೇಲೆ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಅಂತ ಮೂವರು ಸೇರಿ ಆರ್‌ಎಸ್‌ಎ ಅನ್ನೋ ಬೀಗ ಕಟ್ಟಿದರು. ಇಂಟರ್‌ನೆಟ್‌ನಲ್ಲಿ ಗುಟ್ಟು ಕಾಯಲು ಅದನ್ನು ಇಂದಿಗೂ ಬಳಸುತ್ತಾರೆ. ಇದನ್ನು ಹೇಳಿ ಪಾಠ ಶುರು ಮಾಡಿದರೆ ಕೊನೆ ಬೆಂಚಿನವರೂ ತಲೆ ಎತ್ತುತ್ತಾರೆ. "ಎಕ್ಸಾಮಿಗೆ ಇಂಪಾರ್ಟೆಂಟ್, ಬರ್ಕೊಳ್ಳಿ" ಅಂತ ಶುರು ಮಾಡಿದರೆ ಬರೆದುಕೊಳ್ಳುತ್ತಾರೆ, ಅಷ್ಟೇ.

ಎಲ್ಲವೂ ಬೇಕೇ ಬೇಕು ಅಂತ ವಾದ ಮಾಡಲ್ಲ. ಪೋಲಾರ್ ಕರ್ವ್‌ಗಳಿಗೆ ಕೊಡುವ ತಾಸುಗಳಲ್ಲಿ ಸ್ವಲ್ಪ ತೆಗೆದು ಮ್ಯಾಟ್ರಿಕ್ಸ್‌ಗೆ ಕೊಟ್ಟರೆ ನಮ್ಮ ಮಕ್ಕಳಿಗೆ ಜಾಸ್ತಿ ಉಪಯೋಗ. ಆದರೆ ಸಬ್ಜೆಕ್ಟ್‌ಗಳ ಪಟ್ಟಿ ಬದಲಾಯಿಸಿದ ಮಾತ್ರಕ್ಕೆ ಆ ಹುಡುಗನ ಕೈ ಮೌಸ್ ಬಿಡುತ್ತಿರಲಿಲ್ಲ. ನನ್ನ ಮಾತು ಒಂದೇ. ಮೊದಲ ವರ್ಷದ ಮಕ್ಕಳ ಕೈಗೆ ಸರಿಯಾಗಿ ಓಡುವ ಪ್ರೋಗ್ರಾಮ್ ಕೊಟ್ಟು ಕಾಪಿ ಮಾಡಿಸಬೇಡಿ. ಕೆಟ್ಟ ಪ್ರೋಗ್ರಾಮ್ ಕೊಡಿ, ರಿಪೇರಿ ಮಾಡಲಿ. ಮೆಕ್ಯಾನಿಕ್ ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗನಿಗೆ ಚೆನ್ನಾಗಿ ಓಡುತ್ತಿರುವ ಬೈಕ್ ತೋರಿಸಿ ಚಿತ್ರ ಬರಿ ಅನ್ನುತ್ತಾರಾ?

ಡಿಗ್ರಿ ರೇಡಿಯನ್ ವಿಷಯ ಸಣ್ಣದು ಅನ್ನಿಸಬಹುದು. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು, ಅದನ್ನು ತೆಗೆದುಕೊಂಡವರು ನ್ಯೂಟನ್ ಅಂತ ತಿಳಿದುಕೊಂಡಿದ್ದರು. ಎರಡಕ್ಕೂ ನಾಲ್ಕೂವರೆ ಪಟ್ಟು ಹತ್ತಿರ ವ್ಯತ್ಯಾಸ. ನೌಕೆ ಇರಬೇಕಾದ ಎತ್ತರಕ್ಕಿಂತ ತೀರಾ ಕೆಳಗೆ ಹೋಯಿತು. ಮಾರ್ಕ್ಸ್ ಹೋಗುತ್ತೆ ಅಂತ ಪ್ರತಿ ಉತ್ತರದ ಮುಂದೆ ಯೂನಿಟ್ ಬರೆಸುವ ಫಿಸಿಕ್ಸ್ ಮೇಷ್ಟ್ರು ಕಾಯುತ್ತಿದ್ದುದು ಇದನ್ನೇ. ಆದರೆ ಅದನ್ನು ಮಕ್ಕಳಿಗೆ ಯಾರೂ ಹೇಳಲ್ಲ.

ಇನ್ನೊಂದು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 0.1 ಅನ್ನೋ ಸಂಖ್ಯೆಯನ್ನು ಕಂಪ್ಯೂಟರಿನ ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ, ಪೂರ್ತಿ ಬರೆಯಲು ಆಗಲ್ಲ. ಮೂರರಲ್ಲಿ ಒಂದು ಭಾಗವನ್ನು ನಾವು 0.333 ಅಂತ ಬರೆಯುತ್ತಾ ಹೋದ ಹಾಗೆ, ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. 1991ರ ಕೊಲ್ಲಿ ಯುದ್ಧದಲ್ಲಿ ಸೌದಿಯ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸುಮಾರು ನೂರು ಗಂಟೆ ನಿಲ್ಲದೆ ಓಡಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಸಮಯ ಎಣಿಸುತ್ತಿತ್ತು. ಆ ಕೂದಲೆಳೆಯ ತಪ್ಪು ಸೇರುತ್ತಾ ಸೇರುತ್ತಾ 0.34 ಸೆಕೆಂಡ್ ಆಯಿತು. ಅಷ್ಟರಲ್ಲಿ ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ದೂರ ಸಾಗಿಬಿಡುತ್ತೆ. ಪೇಟ್ರಿಯಟ್ ಅದನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಪೂರ್ಣಾಂಕಕ್ಕೆ ಇಂಟ್, ದಶಮಾಂಶಕ್ಕೆ ಫ್ಲೋಟ್, ಡಬಲ್ ಅಂತ ಡೇಟಾ ಟೈಪ್‌ಗಳ ಟೇಬಲ್ ಬರೆಸುವ ದಿನ ನಾನು ಈ ಕಥೆ ಹೇಳಿಯೇ ಮುಂದಕ್ಕೆ ಹೋಗುವುದು.

ಈ ಸಲ ಒಂದು ಸೆಕ್ಷನ್‌ನಲ್ಲಿ ಪ್ರಯೋಗ ಮಾಡಿದೆ. ವಿಟಿಯು ಲ್ಯಾಬ್ ಪಟ್ಟಿಯಲ್ಲಿ ಕರೆಂಟ್ ಬಿಲ್ ಪ್ರೋಗ್ರಾಮ್ ಒಂದಿದೆ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಅದರ ಮೇಲೆ ಒಂದೊಂದು ರೂಪಾಯಿ. ಮೀಟರ್ ಚಾರ್ಜ್ 100 ರೂಪಾಯಿ. ಒಟ್ಟು ಮೊತ್ತ 400 ದಾಟಿದರೆ ಶೇಕಡಾ 15 ಸರ್ಚಾರ್ಜ್. ನಾನು ಬೇಕಂತಲೇ ಮೂರು ತಪ್ಪು ಸೇರಿಸಿ ಪ್ರಿಂಟ್ ಹಾಕಿ ಹಂಚಿದೆ. ಕಂಪ್ಯೂಟರ್ ಮುಟ್ಟಬೇಡಿ, ಮೊದಲು ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ ಅಂದೆ.

ಮೂರು ತಪ್ಪು ಇಪ್ಪತ್ತೇ ನಿಮಿಷದಲ್ಲಿ ಸಿಕ್ಕಿದವು. ಆಮೇಲೆ ಒಬ್ಬ ಹುಡುಗಿ ಕೈ ಎತ್ತಿದಳು. ಲ್ಯಾಬ್‌ನಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡಿದವಳಲ್ಲ. "ಮ್ಯಾಮ್, 350 ಯೂನಿಟ್‌ಗೆ ಸರಿಯಾಗಿ 400 ರೂಪಾಯಿ ಬರುತ್ತೆ. 351ಕ್ಕೆ 461 ರೂಪಾಯಿ 15 ಪೈಸೆ. ಒಂದೇ ಒಂದು ಯೂನಿಟ್‌ಗೆ 61 ರೂಪಾಯಿ ಜಾಸ್ತಿ! ಪ್ರೋಗ್ರಾಮ್ ಸರಿ ಇದ್ಯಾ, ಇಲ್ಲಾ ರೂಲ್ಲೇ ತಪ್ಪಾ? 400ರ ಮೇಲಿನ ದುಡ್ಡಿಗೆ ಮಾತ್ರ ಸರ್ಚಾರ್ಜ್ ಹಾಕಬೇಕಲ್ವಾ?"

ಕ್ಲಾಸ್ ಎರಡು ಭಾಗ ಆಯಿತು. ಪ್ರಶ್ನೆಯಲ್ಲಿ ಒಟ್ಟು ಮೊತ್ತಕ್ಕೆ ಅಂತಲೇ ಇದೆ, ಅದರಂತೆ ಬರೆಯಬೇಕು ಅಂತ ಕೆಲವರು. ಹಾಗಾದರೆ ಬಿಲ್ ಕಟ್ಟುವವರ ಗತಿ ಏನು ಅಂತ ಉಳಿದವರು. ಬೆಲ್ ಹೊಡೆದರೂ ಯಾರೂ ಎದ್ದಿಲ್ಲ. ನನಗೆ ಗಂಟಲು ಕಟ್ಟಿದ ಹಾಗಾಯಿತು. ಈ ಪ್ರೋಗ್ರಾಮನ್ನು ನಾನು ಎಷ್ಟು ಬ್ಯಾಚಿಗೆ ಮಾಡಿಸಿದ್ದೇನೋ, ಲೆಕ್ಕವಿಲ್ಲ. ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಗಿರಾಕಿ ಹೇಳಿದ್ದನ್ನು ಕೋಡ್ ಮಾಡುವುದಕ್ಕೆ ಮುಂಚೆ "ನೀವು ಹೇಳಿದ್ದರ ಅರ್ಥ ಇದೇನಾ?" ಅಂತ ಕೇಳುವುದಿದೆಯಲ್ಲ, ಕಂಪನಿಗಳಲ್ಲಿ ಇಂಜಿನಿಯರ್‌ಗಳು ಅದಕ್ಕೇ ವಾರಗಟ್ಟಲೆ ಮೀಟಿಂಗ್ ಮಾಡುತ್ತಾರೆ. ಸಾಫ್ಟ್‌ವೇರ್ ಇಂಜಿನಿಯರಿಂಗ್ ಅನ್ನೋ ಸಬ್ಜೆಕ್ಟ್ ಇವರಿಗೆ ಇನ್ನೂ ಬಂದೇ ಇಲ್ಲ. ಆದರೆ ಆ ಹುಡುಗಿ ಮೊದಲ ಸೆಮಿಸ್ಟರ್‌ನಲ್ಲೇ, ಕೈಯಲ್ಲಿ ಪೆನ್ಸಿಲ್ ಹಿಡಿದು, ಆ ಬಾಗಿಲು ತಟ್ಟಿದ್ದಾಳೆ.

ಆಕೆ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಇದನ್ನು ಹೇಳಲೇಬೇಕು. ಕನ್ನಡ ಮೀಡಿಯಂನಿಂದ ಬಂದವರು ಲಾಜಿಕ್‌ನಲ್ಲಿ ಹಿಂದೆ ಬಿದ್ದಿದ್ದನ್ನು ನಾನು ನೋಡಿಲ್ಲ. ಅವರು ಎಡವುವುದು ಎರರ್ ಮೆಸೇಜ್ ಮುಂದೆ. ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟಿರುವುದು ಹನ್ನೊಂದನೇ ಸಾಲಿನಲ್ಲಿ, ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಎಷ್ಟೋ ಸಲ ಬೆರಳು ತೋರಿಸುವುದು ಹನ್ನೆರಡನೇ ಸಾಲಿಗೆ. ಅದೂ ಇಂಗ್ಲಿಷಿನಲ್ಲಿ, ಬೈದ ಹಾಗೆ. ಮಗು ಗಾಬರಿಯಾಗಿ ಪಕ್ಕದವನ ಕೋಡ್ ಪೂರ್ತಿ ಕಾಪಿ ಮಾಡಿಬಿಡುತ್ತದೆ. ಪಕ್ಕ ಕೂತು, "ನೋಡಮ್ಮಾ, ಮೇಲಿನ ಸಾಲು ಮುಗಿದಿಲ್ಲ ಅಂತ ಇದು ಹೇಳ್ತಿದೆ" ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದರೆ ಸಾಕು, ಮುಂದಿನ ಸಲ ತಾನೇ ಹುಡುಕುತ್ತದೆ. ಇಂಜಿನಿಯರಿಂಗನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕಲಿಸಲು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2021ರಲ್ಲೇ ಒಪ್ಪಿಗೆ ಕೊಟ್ಟಿದೆ. ಇಡೀ ಕೋರ್ಸ್ ಕನ್ನಡದಲ್ಲಿ ಆಗಬೇಕಾ ಅನ್ನೋದು ದೊಡ್ಡ ಚರ್ಚೆ, ಅದು ಇನ್ನೊಂದು ದಿನ. ಮೊದಲ ವರ್ಷದ ಲ್ಯಾಬ್‌ನಲ್ಲಿ ಮೇಷ್ಟ್ರು ಕನ್ನಡದಲ್ಲಿ ಎರರ್ ಬಿಡಿಸಿ ಹೇಳಲು ಯಾರ ಆರ್ಡರೂ ಬೇಕಾಗಿಲ್ಲ.

ರೆಕಾರ್ಡ್ ಮಾರ್ಕ್ಸ್ ಇಂಟರ್ನಲ್ಸ್‌ಗೆ ಸೇರುತ್ತೆ, ನನಗೆ ಗೊತ್ತು. ಅದಕ್ಕೇ ನನ್ನ ಬ್ಯಾಚ್‌ಗೆ ಒಂದು ಬದಲಾವಣೆ ಮಾಡಿದ್ದೇನೆ. ಪ್ರತಿ ಪ್ರೋಗ್ರಾಮ್ ಆದ ಮೇಲೆ ರೆಕಾರ್ಡ್‌ನ ಎಡಗಡೆ ಖಾಲಿ ಪುಟದಲ್ಲಿ ಮೊದಲು ಬಂದ ತಪ್ಪು ಔಟ್‌ಪುಟ್ ಬರೆಯಬೇಕು. ಯಾಕೆ ಬಂತು ಅಂತ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು. ಆ ಪುಟ ಇಲ್ಲದಿದ್ದರೆ ಸಹಿ ಇಲ್ಲ. ಮೊದಲ ವಾರ ಎಲ್ಲರೂ ಒಂದೇ ತಪ್ಪನ್ನು ಕಾಪಿ ಮಾಡಿ ತಂದರು. ವಾಪಸ್ ಕೊಟ್ಟೆ. ಮೂರನೇ ವಾರದಿಂದ ಬೇರೆ ಬೇರೆ ತಪ್ಪು ಬರಲು ಶುರುವಾಯಿತು.

ಸೈನ್ ಹುಡುಗನ ರೆಕಾರ್ಡ್ ಮೊನ್ನೆ ನನ್ನ ಮೇಜಿಗೆ ಬಂತು. ಎಡಗಡೆ ಪುಟದಲ್ಲಿ 1,98,030 ಇತ್ತು. ಕೆಳಗೆ, "30ನ್ನು 180ರಿಂದ ಭಾಗಿಸಿ 3.142ರಿಂದ ಗುಣಿಸಬೇಕಿತ್ತು. ಹಾಗೆ ಮಾಡಿದಾಗ 0 ಬಂತು. ಎರಡೂ ಇಂಟ್ ಆಗಿದ್ದಕ್ಕೆ ದಶಮಾಂಶ ಹೋಗಿತ್ತು. 180.0 ಅಂತ ಬರೆದ ಮೇಲೆ ಸರಿಯಾಯಿತು." ಎರಡನೇ ತಪ್ಪನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ತಾನೇ ಕಂಡುಹಿಡಿದಿದ್ದಾನೆ.

ಇದನ್ನು ಓದುತ್ತಿರುವವರಲ್ಲಿ ಬೆಂಗಳೂರಿನಲ್ಲೋ, ಹೊರದೇಶದಲ್ಲೋ ಸಾಫ್ಟ್‌ವೇರ್ ಕೆಲಸ ಮಾಡುವವರು ತುಂಬಾ ಜನ ಇದ್ದೀರಿ. ನನ್ನ ಹಳೇ ವಿದ್ಯಾರ್ಥಿಗಳೂ ಇದ್ದೀರಿ. ನೀವು ಮಾಡಿದ ಒಂದು ತಪ್ಪನ್ನು, ಅದನ್ನು ಹೇಗೆ ಹಿಡಿದಿರಿ ಅನ್ನೋದನ್ನು ಕೆಳಗೆ ಕನ್ನಡದಲ್ಲಿ ಬರೆಯುತ್ತೀರಾ? ಹತ್ತು ಸಾಲಿನ ಕೋಡ್‌ಗೆ ಇಳಿಸಬಹುದಾದದ್ದು ಇದ್ದರೆ ಇನ್ನೂ ಒಳ್ಳೆಯದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್ ಇದೆ. ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ.