ಅಪ್ಪನ ಪೆಡಲ್ ಕಾಲು

ಶಾಲೆ ತೆರೆದ ವಾರ ಮಗಳ ಸಮವಸ್ತ್ರದ ಲಂಗ ಮೊಣಕಾಲಿಗಿಂತ ಮೇಲೆ ಹೋಗಿತ್ತು. ಬೇಸಿಗೆ ರಜೆಯಲ್ಲಿ ಅವಳು ಅಷ್ಟು ಬೆಳೆದಿದ್ದಾಳೆಂದು ನಮಗೆ ತಿಳಿದದ್ದೇ ಅಂದು. ಅಪ್ಪ ಕೆಳಗಿನ ಮಡಿಕೆ ಬಿಚ್ಚಿ, ಎರಡು ಇಂಚು ಇಳಿಸಿ, ಅರ್ಧ ಗಂಟೆಯಲ್ಲಿ ಹೊಲಿದುಕೊಟ್ಟರು. ಅವರಿಗೀಗ 74. ಶ್ರೀರಾಮಪುರದ ಅಂಗಡಿ ಮುಚ್ಚಿ ವರ್ಷಗಳಾದರೂ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ ನಮ್ಮ ಹಜಾರದ ಕಿಟಕಿಯ ಪಕ್ಕದಲ್ಲಿದೆ. ಮೋಟರ್ ಹಾಕಿಸೋಣವೆಂದರೆ ಒಪ್ಪುವುದಿಲ್ಲ. ಮೋಟರಿಗೆ ಬಟ್ಟೆಯ ಮನಸ್ಸು ತಿಳಿಯುವುದಿಲ್ಲವಂತೆ. ಪೆಡಲ್ ತುಳಿಯುವ ಆ ಎಡಗಾಲಿನಲ್ಲಿ ಈಗ ಇರುವುದು ಮೂರೇ ಬೆರಳು.

ಆ ಮೂರು ಬೆರಳಿನ ಋಣ ಈ ಬರಹ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಜುಲೈ 1ರ ವೈದ್ಯರ ದಿನಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಹಾನ್ ವೈದ್ಯರ ಪಟ್ಟಿಗಳನ್ನೆಲ್ಲ ನೋಡಿದೆ. ಹೃದಯದವರಿದ್ದಾರೆ, ಮಿದುಳಿನವರಿದ್ದಾರೆ, ಕಣ್ಣಿನವರಿದ್ದಾರೆ. ರಕ್ತನಾಳದವರು ಒಬ್ಬರೂ ಇಲ್ಲ. ಪಟ್ಟಿ ಮಾಡಿದವರನ್ನು ದೂರುವುದೇನು, ಎರಡು ವರ್ಷದ ಹಿಂದೆ ನನಗೂ ಅಂಥದೊಂದು ವಿಭಾಗ ಇದೆಯೆಂದು ಗೊತ್ತಿರಲಿಲ್ಲ. ಪತ್ರಿಕೆಯವರು ರಕ್ತನಾಳ ಶಸ್ತ್ರಚಿಕಿತ್ಸಕರು ಎಂದು ಬರೆಯುತ್ತಾರೆ, ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ವ್ಯಾಸ್ಕ್ಯುಲರ್ ಡಾಕ್ಟರು. ಹೃದಯದಿಂದ ಹೊರಟ ರಕ್ತ ಕತ್ತು, ಹೊಟ್ಟೆ, ಕೈಕಾಲುಗಳಿಗೆ ತಲುಪುವ ದಾರಿಯೆಲ್ಲ ಇವರ ಸುಪರ್ದಿಗೆ ಸೇರಿದ್ದು.

ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅದಕ್ಕೂ ಮೊದಲಿನಿಂದ ಬೀಡಿ. ಸಂಪಿಗೆ ರಸ್ತೆಯವರೆಗೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ ಎನ್ನುತ್ತಿದ್ದರು. ವಯಸ್ಸಾಯಿತು ಎಂದು ನಾವು ಸುಮ್ಮನಿದ್ದೆವು. ಕಾಲಿಗೆ ರಕ್ತ ಸಾಲುತ್ತಿಲ್ಲ ಎಂಬುದನ್ನು ಆ ಕಾಲು ಅದಕ್ಕಿಂತ ಸ್ಪಷ್ಟವಾಗಿ ಹೇಳಲಾರದು ಎಂದು ಈಗ ಗೊತ್ತು. ಆಮೇಲೆ ಹೊಸ ಚಪ್ಪಲಿ ಕಚ್ಚಿ ಕಿರುಬೆರಳಿನಲ್ಲಿ ಗಾಯವಾಯಿತು. ಅರಿಶಿನ ಹಚ್ಚಿದೆವು. ಮೂರನೆಯ ವಾರಕ್ಕೆ ಬೆರಳು ಕಪ್ಪಾಯಿತು, ಪಕ್ಕದ ಬೆರಳೂ ಹಿಂದೆಯೇ ಬಂತು.

ಸೇರಿಸಿದ ಆಸ್ಪತ್ರೆಯ ಹೆಸರು ಬೇಡ. ಮರುದಿನ ಬೆಳಿಗ್ಗೆಯೇ ಮೊಣಕಾಲಿನ ಕೆಳಗೆ ತೆಗೆಯಬೇಕೆಂದರು, ಸಹಿ ಹಾಕಲು ಕಾಗದ ತಂದರು. ಗಾಯ ನೋಡಿದರು, ಸಕ್ಕರೆ ನೋಡಿದರು, ಎಕ್ಸ್‌ರೇ ತೆಗೆದರು. ಆ ಪಾದಕ್ಕೆ ರಕ್ತ ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಂತಿದೆ ಎಂದು ಯಾರೂ ನೋಡಲಿಲ್ಲ. ನಾನು ಪೆನ್ನು ಹಿಡಿದು ಕುಳಿತಿದ್ದೆ. ಸುಳ್ಳು ಹೇಳುವುದಿಲ್ಲ, ಸಹಿ ಹಾಕಿಬಿಡುತ್ತಿದ್ದೆ.

ತಡೆದವರು ಪಕ್ಕದ ಮಂಚದ ನಿವೃತ್ತ ಬಸ್ ಕಂಡಕ್ಟರ್. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಅವರ ಮುಂಗೈಯಲ್ಲಿ ಹಗ್ಗದಂತೆ ಉಬ್ಬಿದ ನಾಳವಿತ್ತು. "ಬೆರಳಿಟ್ಟು ನೋಡಮ್ಮ" ಎಂದರು. ಇಟ್ಟೆ. ಒಳಗೆ ಜೇನುಗೂಡು ಇದ್ದಂತೆ ಝುಂ ಎನ್ನುತ್ತಿತ್ತು. "ಇದನ್ನು ಹೊಲಿದವರು ರಕ್ತನಾಳದ ಡಾಕ್ಟರು. ಕಾಲಿಗೂ ಅವರೇ ನೋಡುತ್ತಾರೆ. ತೆಗೆದ ಕಾಲನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಒಮ್ಮೆ ತೋರಿಸಿಬಿಡಿ."

ತೋರಿಸಿದೆವು. ಬಂದ ವೈದ್ಯರು ಮೊದಲು ಮಾಡಿದ ಕೆಲಸ ಅಪ್ಪನ ಪಾದದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ನಿಂತದ್ದು. ನಾಡಿ ಸಿಗಲಿಲ್ಲ. ರಕ್ತ ಹರಿಯುವ ಸದ್ದು ಕೇಳಿಸುವ ಅಂಗೈಯಗಲದ ಡಾಪ್ಲರ್ ಯಂತ್ರ ಹಿಡಿದು ಕೇಳಿದರು. ತೋಳಿನ ಬಿ.ಪಿ.ಯನ್ನೂ ಕಣಕಾಲಿನ ಬಿ.ಪಿ.ಯನ್ನೂ ಅಳೆದು ಹೋಲಿಸಿದರು. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಸಮ; ಕಾಲಿನದು ತೋಳಿನದರ 0.9 ಪಾಲಿಗಿಂತ ಕೆಳಗಿಳಿದರೆ ದಾರಿಯಲ್ಲಿ ಅಡ್ಡಿಯಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಈ ಲೆಕ್ಕ ಮೋಸ ಮಾಡುವುದೂ ಉಂಟಂತೆ, ಅದಕ್ಕೆ ಆ್ಯಂಜಿಯೋಗ್ರಾಮ್ ಕೂಡ ಆಯಿತು. ಮೊಣಕಾಲಿನ ಕೆಳಗೆ ದಾರಿ ಮುಚ್ಚಿತ್ತು. ಕಣಕಾಲಿನ ಬಳಿ ಒಂದು ನಾಳ ಇನ್ನೂ ತೆರೆದಿತ್ತು. "ಯಜಮಾನರೇ, ಇಲ್ಲಿಂದ ಅಲ್ಲಿಗೆ ಒಂದು ಸೇತುವೆ ಹೊಲಿಯುತ್ತೇನೆ. ಎರಡು ಬೆರಳು ಹೋಗುತ್ತದೆ, ಕಾಲು ಉಳಿಯಬಹುದು" ಎಂದರು. ಹೊಲಿಯುತ್ತೇನೆ ಎಂಬ ಮಾತು ಕೇಳಿ ಅಪ್ಪ ಎದ್ದು ಕುಳಿತರು.

ಸೇತುವೆಗೆ ಬಳಸಿದ್ದು ಅಪ್ಪನದೇ ತೊಡೆಯ ಒಳಬದಿಯ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಕಾಲಿಗೆ ಹೀಗೆ ಅಭಿಧಮನಿ ಜೋಡಿಸಿ ಮೊದಲು ಗೆದ್ದವರು ಪ್ಯಾರಿಸ್ಸಿನ ಝಾನ್ ಕುನ್ಲಿನ್, 1948ರಲ್ಲಿ. ಒಂದು ಸೂಕ್ಷ್ಮವಿದೆ: ಅಭಿಧಮನಿಯೊಳಗೆ ರಕ್ತ ಹಿಂದಕ್ಕೆ ಹೋಗದಂತೆ ಪುಟ್ಟ ಪುಟ್ಟ ಕವಾಟಗಳಿರುತ್ತವೆ, ಹಾಗಾಗಿ ಅದನ್ನು ತಲೆಕೆಳಗು ಮಾಡಿ ಕೂಡಿಸಬೇಕು. ವೈದ್ಯರು ಇದನ್ನು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸುತ್ತಿದ್ದರೆ ಅಪ್ಪ ನಡುವೆಯೇ, "ಮಖಮಲ್ಲಿಗೂ ಹಾಗೆಯೇ ಸ್ವಾಮಿ. ನವಿರು ಒಂದೇ ದಿಕ್ಕಿಗೆ ಇರಬೇಕು, ಉಲ್ಟಾ ಆದರೆ ರವಿಕೆ ಕೆಟ್ಟಿತು" ಎಂದರು. ವೈದ್ಯರು ಅವರನ್ನೊಮ್ಮೆ ನೋಡಿ, "ಏನು ಕೆಲಸ ಮಾಡುತ್ತಿದ್ದಿರಿ?" ಎಂದು ಕೇಳಿದರು. ಆಮೇಲೆ ಅವರಿಬ್ಬರ ನಡುವೆ ನನ್ನ ಅಗತ್ಯವಿರಲಿಲ್ಲ.

ಆರು ಗಂಟೆಯ ಶಸ್ತ್ರಚಿಕಿತ್ಸೆ. ಹೊರಗೆ ಬಂದ ಮೇಲೆ ಕಾಲಿನುದ್ದಕ್ಕೂ ಚರ್ಮಕ್ಕೆ ಹೊಡೆದ ಲೋಹದ ಪಿನ್ನುಗಳನ್ನು ಕಂಡು ಅಪ್ಪ ಸಿಟ್ಟಾದರು. ಪುಸ್ತಕಕ್ಕೆ ಹೊಡೆದ ಹಾಗೆ ಹೊಡೆದಿದ್ದಾರೆ, ಒಳಗೂ ಹೀಗೆಯೋ ಎಂದು. ಒಳಗೆ ಎರಡು ಮೂರು ಮಿಲಿಮೀಟರ್ ಅಗಲದ ನಾಳ, ಕನ್ನಡಕಕ್ಕೆ ಸಿಕ್ಕಿಸಿದ ಭೂತಗನ್ನಡಿ, ಕೂದಲೆಳೆಯಂಥ ದಾರ, ಪ್ರತಿ ಹೊಲಿಗೆಯೂ ಕೈಯಲ್ಲೇ ಎಂದು ಕಿರಿಯ ವೈದ್ಯರೊಬ್ಬರು ಸಮಾಧಾನ ಹೇಳಬೇಕಾಯಿತು.

ಆಸ್ಪತ್ರೆಯ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲ, ಈ ಜನರ ಕಥೆ ಹುಡುಕಿ ಓದುತ್ತಾ ಹೋದೆ. ಓದಿದಷ್ಟೂ ಬೆರಗಾದೆ. ಇಡೀ ಶಾಸ್ತ್ರ ದರ್ಜಿಯ ಅಂಗಡಿಯಿಂದ ಎದ್ದು ಬಂದಂತಿದೆ.

1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅವರನ್ನು ಲಿಯಾನ್ ನಗರದಲ್ಲಿ ಒಬ್ಬ ಇರಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಹರಿದಿತ್ತು. ಅಂದಿನ ವೈದ್ಯರಿಗೆ ಅದನ್ನು ಹೊಲಿಯುವ ದಾರಿ ತಿಳಿದಿರಲಿಲ್ಲ, ಅಧ್ಯಕ್ಷರು ತೀರಿಕೊಂಡರು. ಅದೇ ಊರಿನ ಅಲೆಕ್ಸಿ ಕ್ಯಾರೆಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಇದು ಸಹಿಸಲಾಗಲಿಲ್ಲ. ಲಿಯಾನ್ ರೇಷ್ಮೆಯ ಊರು. ಆತ ನೇರ ಹೋದದ್ದು ಕಸೂತಿ ಕೆಲಸದಲ್ಲಿ ಹೆಸರಾಗಿದ್ದ ಮದಾಮ್ ಲೆರೂದಿಯೆ ಅವರ ಬಳಿಗೆ. ಅತಿ ಸಣ್ಣ ಸೂಜಿ, ಅತಿ ನಯವಾದ ರೇಷ್ಮೆ ದಾರ ಹಿಡಿಯುವುದನ್ನು ಕಲಿತ. 1902ರಲ್ಲಿ ತನ್ನ ವಿಧಾನ ಪ್ರಕಟಿಸಿದ: ನಾಳದ ದುಂಡು ಬಾಯಿಗೆ ಮೂರು ಕಡೆ ಟಾಕಿ ಹಾಕಿ ಎಳೆದು ಹಿಡಿದರೆ ದುಂಡು ಹೋಗಿ ತ್ರಿಕೋನವಾಗುತ್ತದೆ, ಆಮೇಲೆ ನೇರ ಅಂಚಿನ ಮೇಲೆ ಹೊಲಿಯುತ್ತಾ ಹೋದರಾಯಿತು. ಇದನ್ನು ಅಪ್ಪನಿಗೆ ಓದಿ ಹೇಳಿದರೆ, "ಅಂಗಿಯ ತೋಳು ಕೂಡಿಸುವುದು ಮತ್ತೆ ಹೇಗೆ?" ಎಂದು ನನ್ನನ್ನೇ ಕೇಳಿದರು. ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಬಂತು. ಲೆರೂದಿಯೆ ಅವರಿಗೆ ಏನು ಬಂತು? ಇತಿಹಾಸದಲ್ಲಿ ಅರ್ಧ ಸಾಲು.

ಕ್ಯಾರೆಲ್‌ನ ಫೋಟೋಕ್ಕೆ ಹೂವು ಏರಿಸಲು ಹೊರಟವರು ಇನ್ನೊಂದನ್ನೂ ತಿಳಿದಿರಲಿ. ಇದೇ ಮನುಷ್ಯ ಮುಂದೆ ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಎಂದು ಸರ್ಕಾರ ನಿರ್ಧರಿಸಬೇಕೆಂಬ ವಾದದ ಬೆಂಬಲಿಗನಾದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಗೆ ತಲೆಬಾಗಿದ ಫ್ರಾನ್ಸಿನ ವಿಶಿ ಸರ್ಕಾರದಲ್ಲಿ ಅಂಥದೇ ಉದ್ದೇಶದ ಸಂಸ್ಥೆ ನಡೆಸಿದ. ಅಪ್ಪನ ಕಾಲಿನಲ್ಲಿ ಅವನ ಹೊಲಿಗೆಯಿದೆ, ಅವನ ಮಾತಿನ ಮೇಲೆ ನನಗೆ ಅಸಹ್ಯವಿದೆ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಅಪ್ಪನಿಗೆ ತೀರಾ ಮೆಚ್ಚುಗೆಯಾದವರು ಅಮೆರಿಕದ ಮೈಕೆಲ್ ಡಿಬೇಕಿ. ಲೆಬನಾನಿನಿಂದ ವಲಸೆ ಬಂದ ಕುಟುಂಬ, ಹೊಲಿಗೆ ಕಲಿಸಿದ್ದು ತಾಯಿ. ಐವತ್ತರ ದಶಕದಲ್ಲಿ, ಹೃದಯದಿಂದ ಹೊರಡುವ ಅತಿ ದೊಡ್ಡ ನಾಳವಾದ ಮಹಾಪಧಮನಿಯಲ್ಲಿ ಉಬ್ಬಿ ಒಡೆಯುವ ಸ್ಥಿತಿಯಲ್ಲಿರುವ ಭಾಗವನ್ನು ತೆಗೆದು ಅಲ್ಲಿ ಬಟ್ಟೆಯ ಕೊಳವೆ ಕೂರಿಸಬಹುದೇ ಎಂದು ಹಲವರು ತಲೆಕೆಡಿಸಿಕೊಂಡಿದ್ದರು. ನ್ಯೂಯಾರ್ಕಿನ ಆರ್ಥರ್ ವೂರ್ಹೀಸ್ 1952ರಲ್ಲೇ ವಿನ್ಯಾನ್ ಎಂಬ ಬಟ್ಟೆಯಲ್ಲಿ ಮಾಡಿ ತೋರಿಸಿದ್ದರು. ಡಿಬೇಕಿ ಹ್ಯೂಸ್ಟನ್ನಿನ ಫೋಲೀಸ್ ಎಂಬ ಬಟ್ಟೆಬರೆಯ ದೊಡ್ಡ ಅಂಗಡಿಗೆ ನೈಲಾನ್ ಕೊಳ್ಳಲು ಹೋದರಂತೆ. ನೈಲಾನ್ ಮುಗಿದಿದೆ, ಡೇಕ್ರಾನ್ ಎಂಬ ಹೊಸದು ಬಂದಿದೆ, ಆಗಬಹುದೇ ಎಂದರು ಅಂಗಡಿಯವರು. ಒಂದು ಗಜ ಕೊಂಡು ಮನೆಗೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಆ ಡೇಕ್ರಾನ್ ಇಂದಿಗೂ ಲಕ್ಷಾಂತರ ಎದೆ, ಹೊಟ್ಟೆಗಳೊಳಗೆ ರಕ್ತ ಹರಿಸುತ್ತಿದೆ. ಡೇಕ್ರಾನ್ ಎಂದರೆ ನಮ್ಮ ಟೆರಿಲೀನ್, ಬೇರೇನಲ್ಲ. ಎಪ್ಪತ್ತರ ದಶಕದಲ್ಲಿ ಮದುವೆ ಗಂಡುಗಳಿಗೆಲ್ಲ ಅದರ ಷರ್ಟನ್ನೇ ಹೊಲಿದ ಅಪ್ಪನಿಗೆ ಎದುರಾದ ಪ್ರಶ್ನೆ ಒಂದೇ: "ಅದು ಕತ್ತರಿಸಿದ ಕಡೆ ಎಳೆ ಬಿಡುತ್ತದಲ್ಲ, ಏನು ಮಾಡಿದರು?"

ಡಿಬೇಕಿ ಅವರ ಕಥೆಗೆ ಇನ್ನೊಂದು ತಿರುವಿದೆ. 2005ರ ಡಿಸೆಂಬರ್ 31ರಂದು, 97ನೆಯ ವಯಸ್ಸಿನಲ್ಲಿ, ಅವರದೇ ಮಹಾಪಧಮನಿಯ ಗೋಡೆ ಸೀಳಿತು. ರೋಗವನ್ನು ತಾವೇ ಗುರುತಿಸಿದರು, ಆದರೆ ಮೊದಲು ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಮುಂದಿನ ಫೆಬ್ರುವರಿಯಲ್ಲಿ ಪ್ರಜ್ಞೆ ತಪ್ಪಿದಾಗ, ಈ ವಯಸ್ಸಿನಲ್ಲಿ ಕೈಹಾಕಬಹುದೇ ಎಂದು ಆಸ್ಪತ್ರೆಯೊಳಗೆ ದೊಡ್ಡ ಜಿಜ್ಞಾಸೆ ನಡೆಯಿತು. ಹೆಂಡತಿ ಪಟ್ಟು ಹಿಡಿದರು. ಅವರೇ ರೂಪಿಸಿದ ಶಸ್ತ್ರಚಿಕಿತ್ಸೆಯನ್ನು ಅವರ ಜೊತೆಯವರೇ ಅವರಿಗೆ ಮಾಡಿದರು. ಬದುಕಿ ಬಂದು ಕೆಲಸಕ್ಕೂ ಮರಳಿದರು. ತೀರಿಕೊಂಡದ್ದು 2008ರ ಜುಲೈಯಲ್ಲಿ, ನೂರಕ್ಕೆ ಎರಡೇ ತಿಂಗಳು ಬಾಕಿಯಿದ್ದಾಗ.

ಥಾಮಸ್ ಫೊಗಾರ್ಟಿ ಅವರದು ಬೇರೆಯದೇ ಜಾಡು. ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಉಪಕರಣ ತೊಳೆಯುವ ಕೆಲಸಕ್ಕೆ ಸೇರಿದ ಹುಡುಗ. ಕಾಲಿನ ನಾಳದಲ್ಲಿ ಸಿಕ್ಕಿಕೊಂಡ ರಕ್ತದ ಗಡ್ಡೆ ತೆಗೆಯಲು ಉದ್ದಕ್ಕೂ ಕೊಯ್ಯುವುದನ್ನೂ, ಆಮೇಲೂ ಕಾಲು ಹೋಗುವುದನ್ನೂ, ಜೀವ ಹೋಗುವುದನ್ನೂ ಕಣ್ಣಾರೆ ಕಂಡಿದ್ದ. ವೈದ್ಯಕೀಯ ಓದುತ್ತಿರುವಾಗ ರಬ್ಬರ್ ಕೈಗವಸಿನ ಬೆರಳ ತುದಿ ಕತ್ತರಿಸಿ, ತೆಳು ಕೊಳವೆಯ ತುದಿಗೆ ಕಟ್ಟಿದ. ಅಂಟು ಹಿಡಿಯಲಿಲ್ಲ; ಮೀನಿನ ಗಾಳಕ್ಕೆ ಹುಸಿ ನೊಣ ಕಟ್ಟುವ ಗಂಟು ಅವನಿಗೆ ಗೊತ್ತಿತ್ತು, ಅದೇ ಹಾಕಿದ. ಕೊಳವೆಯನ್ನು ಗಡ್ಡೆಯಾಚೆ ತೂರಿಸಿ, ಬಲೂನು ಉಬ್ಬಿಸಿ, ಹಿಂದಕ್ಕೆ ಎಳೆದರೆ ಗಡ್ಡೆ ಹೊರಗೆ. ತಯಾರಿಸಲು ಕಂಪನಿಗಳು ಮೊದಲು ಒಪ್ಪಲೇ ಇಲ್ಲ. ಮೊದಲ ರೋಗಿಗೆ ಬಳಸಿದ್ದು 1961ರಲ್ಲಿ. ಇವತ್ತು ಈ ವಿಭಾಗವಿರುವ ಯಾವ ಆಸ್ಪತ್ರೆಯಲ್ಲೂ 'ಫೊಗಾರ್ಟಿ ಕೊಡಿ' ಎಂದು ಕೈ ಚಾಚಿದರೆ ದಾದಿಯರು ಮರುಮಾತಿಲ್ಲದೆ ಕೊಡುತ್ತಾರೆ.

ಕಂಡಕ್ಟರ್ ಮಾವನ ಕೈಯ ಝುಂಕಾರ 1966ರದ್ದು. ಹೃದಯದಿಂದ ರಕ್ತ ತರುವ ಮುಂಗೈಯ ಧಮನಿಗೂ ಅಭಿಧಮನಿಗೂ ಜೋಡಣೆ ಮಾಡಿದರೆ ಅಭಿಧಮನಿ ದಪ್ಪಗಾಗಿ ಡಯಾಲಿಸಿಸ್ ಸೂಜಿಗೆ ಮತ್ತೆ ಮತ್ತೆ ಸಿಗುತ್ತದೆ ಎಂದು ಆ ವರ್ಷ ಪ್ರಕಟಿಸಿದವರು ಬ್ರೆಸಿಯಾ, ಸಿಮಿನೋ ಮತ್ತು ಅವರ ಜೊತೆಯವರು. ಇಬ್ಬರೂ ಔಷಧ ಕೊಡುವ ವೈದ್ಯರು. ಸೂಜಿ ಹಿಡಿದು ಹೊಲಿದವರು ಕೆನೆತ್ ಅಪೆಲ್ ಎಂಬ ಶಸ್ತ್ರಚಿಕಿತ್ಸಕರು. ಆ ಜೋಡಣೆಗೆ ಇಂದಿಗೂ ಬ್ರೆಸಿಯಾ-ಸಿಮಿನೋ ಎಂದೇ ಹೆಸರು, ಅಪೆಲ್ ಎಲ್ಲೂ ಇಲ್ಲ.

ಹೀಗೆ ಕೈಬಿಟ್ಟು ಹೋದವರಲ್ಲಿ ನನಗೆ ಹೆಚ್ಚು ಸಂಕಟ ತಂದವರು ಉಕ್ರೇನಿನ ಖಾರ್ಕಿವ್‌ನ ನಿಕೊಲಾಯ್ ವೊಲೊದೊಸ್. ಎದೆ ತೆರೆಯದೆ, ತೊಡೆಯ ಸಂದಿನಿಂದಲೇ ಬಟ್ಟೆ ಹೊದಿಸಿದ ಸ್ಟೆಂಟನ್ನು ಮಹಾಪಧಮನಿಗೆ ಸೇರಿಸುವ ಕೆಲಸವನ್ನು ಅವರು 1987ರಲ್ಲೇ ಮಾಡಿದ್ದರು. ಬರೆದದ್ದು ರಷ್ಯನ್ ಭಾಷೆಯಲ್ಲಿ. ಹೊಟ್ಟೆಯ ಮಹಾಪಧಮನಿಗೆ ಅಂಥದೇ ಕೆಲಸವನ್ನು ಅರ್ಜೆಂಟೀನಾದ ಹ್ವಾನ್ ಪರೋಡಿ 1990ರಲ್ಲಿ ಮಾಡಿ ಮರುವರ್ಷ ಇಂಗ್ಲಿಷಿನಲ್ಲಿ ಬರೆದರು, ಜಗತ್ತು ಕಿವಿ ನೆಟ್ಟಗೆ ಮಾಡಿತು. ಪರೋಡಿ ಅವರ ಹಿರಿಮೆ ಇದರಿಂದ ತಗ್ಗುವುದಿಲ್ಲ. ಆದರೂ ಕನ್ನಡದಲ್ಲಿ ಬರೆಯುವವಳಿಗೆ ಎಲ್ಲಿ ಚುಚ್ಚುತ್ತದೆಯೋ ಅಲ್ಲೇ ಚುಚ್ಚಿತು.

ನಮ್ಮ ಊರಿನ ಮಾತಿಗೆ ಬರುತ್ತೇನೆ. ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೆಂದೇ ಒಂದು ಸಂಸ್ಥೆಯಿದೆ, ಚಿಕ್ಕದಾಗಿ ಜೈವಾಸ್ ಎನ್ನುತ್ತಾರೆ. ಅದನ್ನು ಮುನ್ನಡೆಸಿದವರು ಡಾ. ಕಲ್ಕುಂಟೆ ಆರ್. ಸುರೇಶ್. ಬೆಂಗಳೂರಿನಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದಾರೆ? ಸಿನಿಮಾದವರ ಎದೆನೋವಿಗೆ ಸುದ್ದಿವಾಹಿನಿಗಳು ಆಸ್ಪತ್ರೆಯ ಬಾಗಿಲಲ್ಲಿ ರಾತ್ರಿಯಿಡೀ ಕಾಯುತ್ತವೆ. ಒಬ್ಬ ಗಾರೆ ಕೆಲಸದವನ ಕಾಲು ಉಳಿದದ್ದು ಸುದ್ದಿಯಾಗುವುದಿಲ್ಲ. ಕಾಲು ಮೊದಲಿದ್ದಲ್ಲೇ ಇರುತ್ತದೆ, ತೋರಿಸುವುದು ಏನನ್ನು?

ನನ್ನ ತಕರಾರು ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಕೇಳುವುದೂ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲು ಕಪ್ಪಾದರೆ ತೆಗೆಯುವುದೇ ದಾರಿ ಎಂದು ನಾವು ಎಂದೋ ಒಪ್ಪಿಕೊಂಡುಬಿಟ್ಟಿದ್ದೇವೆ. ಕೆಲವರಿಗೆ ಅದೊಂದೇ ದಾರಿ, ಒಪ್ಪುತ್ತೇನೆ. ಸೋಂಕು ಮೇಲೇರಿದರೆ ಜೀವ ಮೊದಲು, ಕಾಲು ಆಮೇಲೆ. ಆದರೆ ರಕ್ತದ ಹರಿವು ನೋಡದೆ ಆ ಮಾತು ಹೇಳುವ ಹಕ್ಕು ಯಾರಿಗೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾಗದ ಮುಂದಿಟ್ಟಾಗ ಕೇಳಿ: ಪಾದದ ನಾಡಿ ನೋಡಿದಿರಾ? ಡಾಪ್ಲರ್ ಆಯಿತೇ? ರಕ್ತನಾಳದ ವೈದ್ಯರು ನೋಡಿದರೇ? ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಮೂರು ತಿಂಗಳಿಗೊಮ್ಮೆ ಅಪ್ಪನನ್ನು ತಪಾಸಣೆಗೆ ಕರೆದೊಯ್ಯುತ್ತೇನೆ. ಬೀಡಿ ಬಿಟ್ಟಿದ್ದಾರೆ ಎಂದು ಅವರು ಹೇಳುತ್ತಾರೆ, ನಾನು ಜೇಬು ನೋಡುವುದಿಲ್ಲ, ವೈದ್ಯರು ನೋಡುತ್ತಾರೆ. ಕಳೆದ ಬಾರಿ ಡಾಪ್ಲರ್ ಶಬ್ದ ಕೋಣೆಯಲ್ಲೆಲ್ಲ ಕೇಳಿಸಿತು, ಶುಕ್, ಶುಕ್, ಶುಕ್. ಅಪ್ಪ ಕಿವಿಗೊಟ್ಟು ಕೇಳಿ, ಬೆಲ್ಟಿಗೆ ಎಣ್ಣೆ ಬಿಟ್ಟ ಯಂತ್ರದ ಸದ್ದು ಎಂದರು. ಬೆಲ್ಟಿಗೆ ಯಾರೂ ಎಣ್ಣೆ ಬಿಡುವುದಿಲ್ಲ ಎಂದು ನನಗೂ ಗೊತ್ತು. ತಿದ್ದಲಿಲ್ಲ. ಹೊರಡುವಾಗ ವೈದ್ಯರ ಬಿಳಿ ಕೋಟಿನ ತೋಳಿನ ಗುಂಡಿಯೊಂದು ಜೋತಾಡುತ್ತಿರುವುದು ಅವರ ಕಣ್ಣಿಗೆ ಬಿತ್ತು. "ಬಿಚ್ಚಿ ಕೊಡಿ ಸ್ವಾಮಿ, ಎರಡು ನಿಮಿಷ" ಎಂದು ಜೇಬಿನಿಂದ ಸೂಜಿ ದಾರ ತೆಗೆದರು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ವೈದ್ಯರು ಕೋಟು ಬಿಚ್ಚಿ ಕೊಟ್ಟರು.