ಕ್ವಾರಿ ಹೊಂಡದ ಹಕ್ಕಿ ಸೈಬೀರಿಯಾದ್ದಲ್ಲ

ಶಿವಮೊಗ್ಗದ ಹತ್ತಿರ ನೀರು ತುಂಬಿದ ಜಲ್ಲಿ ಕ್ವಾರಿಗೆ ಸೈಬೀರಿಯನ್ ಕ್ರೇನ್ ಬಂದಿದೆ ಎಂಬ ಫೋಟೊ ವಾಟ್ಸಾಪಿನಲ್ಲಿ ಎರಡು ದಿನದಿಂದ ಓಡಾಡುತ್ತಿದೆ. ಅದು ನಮ್ಮದೇ ಬಾಯಿಕಳಕ ಕೊಕ್ಕರೆ. ಫೋಟೊ ದೊಡ್ಡದು ಮಾಡಿ ಕೊಕ್ಕು ನೋಡಿ: ಮುಚ್ಚಿದರೂ ನಡುವೆ ಸಂದು ಉಳಿದಿದೆ, ಅಡಕತ್ತರಿಯ ಹಾಗೆ. ಹೊಂಡದ ಬಸವನಹುಳು ತಿನ್ನಲು ಹೇಳಿ ಮಾಡಿಸಿದ ಕೊಕ್ಕು. ಸೈಬೀರಿಯನ್ ಕ್ರೇನಿಗೆ ಮುಖವೂ ಕಾಲೂ ಕೆಂಪು. ಮರದ ಮೇಲೆ ಕೂರುವುದೂ ಇಲ್ಲ. ಫೋಟೊದ್ದು ಕೂತಿರುವುದೇ ಒಣಮರದ ತುದಿಯಲ್ಲಿ! ಭಾರತದಲ್ಲಿ ಸೈಬೀರಿಯನ್ ಕ್ರೇನ್ ಕೊನೆಗೆ ಕಂಡದ್ದು 2002ರಲ್ಲಿ, ರಾಜಸ್ಥಾನದ ಭರತಪುರದಲ್ಲಿ.

ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳನ್ನೂ ಸೈಬೀರಿಯಾದವು ಎನ್ನುವವರಿದ್ದಾರೆ. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಗೂಡು ಕಟ್ಟುವುದು ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಕ್ವಾರಿಗೆ ನೋಡಲು ಹೋಗುವವರು ಹೊಂಡದ ಅಂಚಿಗೆ ಇಳಿಯಬೇಡಿ, ಜಲ್ಲಿ ಜಾರುತ್ತದೆ.